ಪರಿಹಾರದ ಚೆಕ್ಕಿನ ಜೊತೆ ಒಂದು ಸರ್ಚ್ ರಿಪೋರ್ಟ್ ಕೊಡಿಸಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಬಾಗಲಕೋಟೆ.

ಸರ್, ನಮಸ್ಕಾರ.

ನಾನು ನವನಗರದಲ್ಲಿ ವಕೀಲಿ ಮಾಡಿಕೊಂಡಿರುವವ. ಹುಟ್ಟಿದ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. 31 ವರ್ಷದ ವಕೀಲಿಯಲ್ಲಿ ಕೋರ್ಟ್ ಹಾಲಿನಲ್ಲಿ ನಿಂತದ್ದಕ್ಕಿಂತ ಸಬ್ ರಜಿಸ್ಟ್ರಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೂತದ್ದೇ ಹೆಚ್ಚು. ಜಮೀನಿನ ಹಳೆಯ ಕಾಗದ ಹುಡುಕಿ, ಮಾರುವವನಿಗೆ ಮಾರುವ ಹಕ್ಕು ನಿಜಕ್ಕೂ ಇದೆಯೇ ಎಂದು ಬರೆದುಕೊಡುವುದು ನನ್ನ ಹೊಟ್ಟೆಪಾಡು. ನಮ್ಮ ಕಡೆ ಇದಕ್ಕೆ ಸರ್ಚ್ ತೆಗೆಯುವುದು ಅನ್ನುತ್ತಾರೆ. ಆ ಕೆಲಸದ ಬಗ್ಗೆಯೇ ಈ ಪತ್ರ.

2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ದರ ಗೊತ್ತು ಮಾಡಿತು. ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ. ಆಲಮಟ್ಟಿಯ ನೀರು 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಸುಮಾರು 75 ಸಾವಿರ ಎಕರೆ ಹೋಗುತ್ತದೆ ಎಂಬ ಲೆಕ್ಕ ತಮಗೆ ನನಗಿಂತ ಚೆನ್ನಾಗಿ ಗೊತ್ತು. ದರ ಸಾಕೋ ಸಾಲದೋ, ಹಣ ಯಾವಾಗ ಬರುತ್ತದೋ, ಅದರ ಬಗ್ಗೆ ಹೋರಾಟ ಸಮಿತಿಯವರು ಬರೆಯುತ್ತಾರೆ. ನನ್ನ ಚಿಂತೆ ಹಣ ಬಂದ ಮರುದಿನದ್ದು. ಹೊಲ ಕಳೆದುಕೊಂಡ ಒಕ್ಕಲಿಗ ರೊಕ್ಕವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಉಣ್ಣುವವನಲ್ಲ. ಮತ್ತೆ ಹೊಲ ಹುಡುಕುತ್ತಾನೆ. ಬೀಳಗಿ, ಮುಧೋಳ, ಬಾದಾಮಿ, ದಾಟಿದರೆ ವಿಜಯಪುರ ಜಿಲ್ಲೆ. ಈಗಾಗಲೇ ಚಹಾದಂಗಡಿಗಳಲ್ಲಿ ಏಜೆಂಟರು ಮೊಬೈಲಿನಲ್ಲಿ ಉತಾರದ (ಪಹಣಿಯ) ಫೋಟೋ ತೋರಿಸುತ್ತ ಕೂತಿದ್ದಾರೆ.

ನನ್ನ ಬೇಡಿಕೆ ಒಂದೇ. ಪರಿಹಾರದ ಹಣದಿಂದ ಜಮೀನು ಕೊಳ್ಳುವ ಪ್ರತಿ ಕುಟುಂಬಕ್ಕೆ, ಸಂಚಕಾರ (ಮುಂಗಡ) ಕೊಡುವ ಮೊದಲೇ, ವಕೀಲನೊಬ್ಬ ಹುಡುಕಿ, ಕನ್ನಡದಲ್ಲಿ ಬರೆದು, ಸಹಿ ಮಾಡಿದ ಹಕ್ಕು ಪರಿಶೀಲನೆಯ ವರದಿ ಸಿಗಬೇಕು. ಕೊಳ್ಳುವವನ ಹೆಸರಿಗೇ ಇರಬೇಕು, ಅವನ ಕೈಯಲ್ಲೇ ಇರಬೇಕು. ಅದರ ಖರ್ಚನ್ನು ಪುನರ್ವಸತಿಯ ಹಣದಲ್ಲಿ ಹಾಕಿಕೊಳ್ಳಬೇಕು.

ಯಾಕೆ ಅಂತ ಕೇಳಿದರೆ ನಮ್ಮ ಕಾಕಾನಿಂದಲೇ ಶುರು ಮಾಡಬೇಕಾಗುತ್ತದೆ.

1992ರಲ್ಲಿ ಕಾಕಾನಿಗೆ ಹಿಂದಿನ ಸಲದ ಮುಳುಗಡೆ ರೊಕ್ಕ ಬಂತು. ನಾನಿನ್ನೂ ಕಾನೂನು ಓದುತ್ತಿದ್ದೆ. ನಾಲ್ಕು ಎಕರೆ ಎರೆ ಹೊಲ, ಬಾವಿ ಇತ್ತು, ದಾರಿ ಇತ್ತು, ಮಾರುವವರೂ ಸಂಭಾವಿತರು. ಕಾಕಾ ಉತಾರ ತೆಗೆಸಿದ, ಹೆಸರು ಸರಿಯಿತ್ತು. ಋಣಭಾರ ಪತ್ರ ತೆಗೆಸಿದ, ಯಾವ ಬೋಜಾ, ಅಂದರೆ ಸಾಲದ ಹೊರೆ, ಇರಲಿಲ್ಲ. ಬಾಂಡ್ ರೈಟರ್ ಚಂದಾಗಿ ಖರೀದಿ ಪತ್ರ ಬರೆದ. ರಜಿಸ್ಟರ್ ಆಯಿತು, ಪೇಢೆ ಹಂಚಿದರು. “ವಕೀಲರಿಗೆ ಒಮ್ಮಿ ತೋರಸ್ರಿ” ಅಂದಿದ್ದಕ್ಕೆ ಕಾಕಾ ನಕ್ಕು, “ಉತಾರದಾಗ ಹೆಸರ ಐತಿ, ಸರಕಾರಿ ಸಿಕ್ಕಾ ಬಿದ್ದೈತಿ, ವಕೀಲಗ ಯಾಕ ರೊಕ್ಕ ಕೊಡೂದು?” ಅಂದಿದ್ದ.

ಆ ಹೊಲ ಮಾರಿದವರದೇನೋ ಹೌದು. ಆದರೆ ಅವರಿಗೆ ಬಂದದ್ದು ಗೇಣಿಯಿಂದ. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿಯಾದ ಮೇಲೆ ಗೇಣಿದಾರನ ಅರ್ಜಿಯಾದ ಫಾರ್ಮ್ ನಂಬರ್ 7 ಕೊಟ್ಟು, ಭೂ ನ್ಯಾಯಮಂಡಳಿ 1981ರಲ್ಲಿ ಅವರ ಹೆಸರಿಗೆ ಮಾಡಿದ್ದ ಹೊಲ. ಅಂಥ ಜಮೀನನ್ನು 15 ವರ್ಷ ಮಾರಬಾರದು ಎಂದು ಭೂ ಸುಧಾರಣಾ ಕಾಯ್ದೆಯ 61ನೇ ಕಲಂ ಹೇಳುತ್ತದೆ. ಮಾರಿದರೆ ಮಾರಾಟ ನಿಲ್ಲುವುದಿಲ್ಲ, ಜಮೀನು ಸರ್ಕಾರಕ್ಕೆ ಹೋಗುತ್ತದೆ. ಇನ್ನು ನಾಲ್ಕು ವರ್ಷ ತಡೆದಿದ್ದರೆ ಆ ಷರತ್ತು ಮುಗಿಯುತ್ತಿತ್ತು! ಋಣಭಾರ ಪತ್ರದಲ್ಲಿ ಇದು ಬರಲಿಲ್ಲ. ನ್ಯಾಯಮಂಡಳಿಯ ಆದೇಶ ಇದ್ದದ್ದು ತಹಶೀಲ್ದಾರ್ ಕಚೇರಿಯ ಕಡತದಲ್ಲಿ, ಮತ್ತು ಹಕ್ಕು ಬದಲಾವಣೆಯ ಪುಸ್ತಕದ ಒಂದು ಸಾಲಿನಲ್ಲಿ. ಆ ಸಾಲು ಓದುವುದು ಅರ್ಧ ತಾಸಿನ ಕೆಲಸ. ಕಾಕಾ ಆ ಹೊಲದ ಸಲುವಾಗಿ ಹದಿನಾಲ್ಕು ವರ್ಷ ಎ.ಸಿ. ಕಚೇರಿಗೆ ಮತ್ತು ಮೇಲಿನ ಕೋರ್ಟಿಗೆ ಅಡ್ಡಾಡಿದ. ಹೊಲ ಉಳಿಯಲಿಲ್ಲ. ಮಾರಿದವರು ಆಗಲೇ ರೊಕ್ಕ ಖರ್ಚು ಮಾಡಿ ಕೈ ತೊಳೆದುಕೊಂಡಿದ್ದರು. ಒಂದು ಮುಳುಗಡೆ ನೀರಿನಿಂದ ಆಯಿತು, ಇನ್ನೊಂದು ಕಾಗದದಿಂದ ಆಯಿತು ಅನ್ನುತ್ತಿದ್ದ ಕಾಕಾ.

ರಜಿಸ್ಟರ್ ಆಗಿದೆ ಅಂದರೆ ಸರ್ಕಾರ ಪರೀಕ್ಷೆ ಮಾಡಿ ಒಪ್ಪಿದೆ ಎಂದು ನಮ್ಮ ಜನ ತಿಳಿದಿದ್ದಾರೆ. ಕಲಿತವರೂ ಹಾಗೇ ತಿಳಿದಿದ್ದಾರೆ, ಅದು ಬೇರೆ ಮಾತು. 1908ರ ನೋಂದಣಿ ಕಾಯ್ದೆಯಲ್ಲಿ ಸಬ್ ರಜಿಸ್ಟ್ರಾರ್ ನೋಡುವುದು ಇಷ್ಟು: ಬರೆದುಕೊಟ್ಟವನು ಇವನೇ ಹೌದೇ, ಸಹಿ ತನ್ನದೆಂದು ಒಪ್ಪುತ್ತಾನೆಯೇ, ಮುದ್ರಾಂಕ ಸರಿಯಿದೆಯೇ, ಬೇಕಾದ ದಾಖಲೆ ಲಗತ್ತಾಗಿವೆಯೇ. ಮಾರುವವನಿಗೆ ಹಕ್ಕಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು ತೆಗೆದುಹಾಕುವಾಗ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಉತಾರದ ಕಥೆಯೂ ಅಷ್ಟೇ. ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಉತಾರದ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ನಿಜ. ಅಂದರೆ ಸುಳ್ಳಾಗಿರಲು ಜಾಗ ಬಿಟ್ಟೇ ಬರೆದದ್ದು. ಹಾಗಾದರೆ ಹಕ್ಕನ್ನು ಓದುವವರು ಯಾರು? ತಲಾಠಿಯಲ್ಲ, ಬಾಂಡ್ ರೈಟರ್ ಅಲ್ಲ, ಸಬ್ ರಜಿಸ್ಟ್ರಾರ್ ಅಲ್ಲ, ಏಜೆಂಟನಂತೂ ಅಲ್ಲ. ಆ ಕೆಲಸವನ್ನು ಕಾಯ್ದೆ ಯಾರ ತಲೆಗೂ ಕಟ್ಟಿಲ್ಲ, ಕೊಳ್ಳುವವನ ತಲೆಗೆ ಬಿಟ್ಟಿದೆ. ಅವನು ವಕೀಲನನ್ನು ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ವಕೀಲ ಏನು ಮಾಡುತ್ತಾನೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಹೋದ ಬೇಸಿಗೆಯಲ್ಲಿ ಒಬ್ಬ ಅಜ್ಜಾರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಉತಾರ, ಋಣಭಾರ ಪತ್ರ, ಮಾರುವವನ ಆಧಾರ್ ಝೆರಾಕ್ಸ್. “ಸಾಹೇಬ್ರ, ನಾಳೆ ಸಂಚಕಾರ ಐತ್ರಿ, ಒಂದ್ಸಲ ಕಣ್ಣಾಡಸ್ರಿ” ಅಂದರು. ಉತಾರದ ಒಂಬತ್ತನೇ ಕಾಲಂನಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರು. ಎಲ್ಲರೂ ನೋಡುವುದು ಅದನ್ನೇ. ನಾನು ಮೊದಲು ನೋಡುವುದು ಪಕ್ಕದ ಹತ್ತನೇ ಕಾಲಂ. ಹೆಸರು ಹೇಗೆ ಬಂತು, ಹಕ್ಕು ಬದಲಾವಣೆ ಪುಸ್ತಕದ ಯಾವ ನಂಬರಿನಿಂದ (ಎಂ.ಆರ್. ನಂಬರ್) ಬಂತು ಎಂಬುದು ಅಲ್ಲಿರುತ್ತದೆ. ‘ವಾರಸಾ’ ಅಂತಿತ್ತು. ಆ ಎಂ.ಆರ್. ನಕಲು ತರಿಸಿದೆ. ಅಪ್ಪ ತೀರಿಕೊಂಡ, ಇಬ್ಬರು ಗಂಡುಮಕ್ಕಳು ಎಂದು ಬರೆದಿತ್ತು. ಹೆಣ್ಣುಮಕ್ಕಳ ಸುದ್ದಿಯೇ ಇರಲಿಲ್ಲ. ಮಾರುವವನನ್ನೇ ಕರೆಸಿ ಕೇಳಿದೆ.

“ಅಕ್ಕತಂಗ್ಯಾರು ಎಷ್ಟ ಮಂದಿ?”

“ಮೂರ ಮಂದ್ರಿ. ಲಗ್ನಾ ಮಾಡಿ ಕೊಟ್ಟೇವ್ರಿ.”

“ಹಕ್ಕು ಬಿಟ್ಟ ಪತ್ರ ರಜಿಸ್ಟರ್ ಮಾಡಿಸೀರಿ?”

“ಅದ್ಯಾಕ್ರಿ? ಪಂಚಮಿಗಿ ಸೀರಿ ಉಡಸ್ತೇವಲ್ರೀ!”

ಇಲ್ಲಿಗೆ ಬಂದು ನಿಲ್ಲುತ್ತದೆ ಸರ್ ನಮ್ಮ ಜಿಲ್ಲೆಯ ಬಹುಪಾಲು ವ್ಯಾಜ್ಯ. ಅಪ್ಪನ ಪಾಲಿನಲ್ಲಿ ಮಗಳಿಗೂ ಪಾಲು ಎಂಬುದು 1956ರಿಂದಲೇ ಇದೆ. ಕರ್ನಾಟಕ 1994ರ ಜುಲೈ 30ರಿಂದ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಲೇಬೇಕೇ ಎಂಬ ಜಗ್ಗಾಟವನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿತು: ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ಆಗಿ ಹೋದ ವಾಟ್ನಿ (ಪಾಲು ಹಂಚಿಕೆ), ಮಾರಾಟಗಳನ್ನು ಮಾತ್ರ ಕಾಯ್ದೆ ಮುಟ್ಟುವುದಿಲ್ಲ. ತಲಾಠಿ ಮುಂದೆ ಅಕ್ಕ ಹೆಬ್ಬೆಟ್ಟು ಒತ್ತಿ “ನನಗೇನೂ ಬೇಡ” ಅಂದ ಜಬಾಬು ಹಕ್ಕನ್ನು ಕಳೆಯುವುದಿಲ್ಲ, ಅದಕ್ಕೆ ನೋಂದಣಿಯಾದ ಪತ್ರವೇ ಬೇಕು. ಪಂಚಮಿಯ ಸೀರೆಯಂತೂ ಯಾವ ಕಾಯ್ದೆಯಲ್ಲೂ ಬರುವುದಿಲ್ಲ.

ಅಜ್ಜಾರಿಗೆ ಸಂಚಕಾರ ನಿಲ್ಲಿಸಿರಿ ಅಂದೆ. ಅವರಿಗೆ ಸಿಟ್ಟು ಬಂತು, ಮುಹೂರ್ತ ನೋಡಿದ್ದರು. ಎರಡು ತಿಂಗಳ ಮೇಲೆ ಮೂವರು ಹೆಣ್ಣುಮಕ್ಕಳೂ ಬಂದು ಖರೀದಿ ಪತ್ರಕ್ಕೆ ಸಹಿ ಹಾಕಿದರು. ಒಬ್ಬಾಕೆ ಪುಣೆಯಿಂದ ಬಂದಿದ್ದಳು. ಅಣ್ಣಂದಿರು ಆಕೆಗೆ ಬರೀ ಬಸ್ ಚಾರ್ಜು ಕೊಡಲು ಹೊರಟಿದ್ದರು. ಕೊನೆಗೆ ಎಷ್ಟು ಕೊಟ್ಟರು ಎಂಬುದು ನನ್ನ ಕಸುಬಿನ ಗುಟ್ಟು, ಆದರೆ ಬಸ್ ಚಾರ್ಜಿಗಿಂತ ಚೆನ್ನಾಗಿ ಕೊಟ್ಟರು.

ಹನ್ನೊಂದನೇ ಕಾಲಂ ಇನ್ನೊಂದು ಲೋಕ. ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಸಾಲದ ಬೋಜಾ, ಕೋರ್ಟಿನ ತಡೆ, ಮಂಜೂರಿಯ ಷರತ್ತು ಎಲ್ಲ ಅಲ್ಲಿ. 2024ರ ಅಕ್ಟೋಬರಿನಲ್ಲಿ ಪಕ್ಕದ ವಿಜಯಪುರ ಜಿಲ್ಲೆಯಲ್ಲಿ ವಕ್ಫ್ ನಮೂದುಗಳ ಗದ್ದಲ ಎದ್ದಾಗ ಉತ್ತರ ಕರ್ನಾಟಕದ ರೈತರೆಲ್ಲ ಒಂದೇ ವಾರದಲ್ಲಿ ಹನ್ನೊಂದನೇ ಕಾಲಂ ಓದಲು ಕಲಿತರು. ಅದೊಂದು ಒಳ್ಳೆಯದಾಯಿತು.

ಇದಾದ ಮೇಲೆ ರೆಕಾರ್ಡ್ ರೂಮು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ಮನೆಯಲ್ಲಿ ಕೂತೇ ಸಿಗುತ್ತದೆ, ಸಂತೋಷ. ಆದರೆ ಕಂಪ್ಯೂಟರು ಬರುವುದಕ್ಕೆ ಮೊದಲಿನದ್ದಕ್ಕೆ ಇಂಡೆಕ್ಸ್ ಪುಸ್ತಕವೇ ಗತಿ. ಇಂಡೆಕ್ಸ್ ಒಂದರಲ್ಲಿ ಮನುಷ್ಯರ ಹೆಸರಿನಿಂದ ಹುಡುಕಬೇಕು, ಎರಡರಲ್ಲಿ ಆಸ್ತಿಯಿಂದ. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿದ ಯಾರಿಗಾದರೂ ಇವು ತೆರೆದಿರಬೇಕು. ರಟ್ಟು ಕಿತ್ತುಹೋಗಿ, ಹಾಳೆಯ ಅಂಚು ಪುಡಿಯಾಗಿ, ತಿರುವಿದರೆ ಕೈಗೆ ಕಂದು ಬಣ್ಣ ಹತ್ತುತ್ತದೆ. ಒಂದೇ ರಿ.ಸ.ನಂ. (ರೀಸರ್ವೆ ನಂಬರ್) ಮೂರು ಹಿಸ್ಸೆಯಾಗಿ, ಹಿಸ್ಸೆ ಮತ್ತೆ ಒಡೆದು, ನಡುವೆ ಯಾರೋ ಗುಮಾಸ್ತ 3 ಅನ್ನು 8ರ ಹಾಗೆ ಬರೆದಿರುತ್ತಾನೆ. ನಾವು 1956ರವರೆಗೆ ಮುಂಬೈ ರಾಜ್ಯದಲ್ಲಿದ್ದವರು. ಇನ್ನೂ ಹಿಂದಕ್ಕೆ ಹೋದರೆ ಅಲ್ಲಲ್ಲಿ ಮರಾಠಿಯ ಹಳೆಯ ಮೋಡಿ ಲಿಪಿ ಸಿಗುತ್ತದೆ. ಅದನ್ನು ಓದುತ್ತಿದ್ದ ಹಿರಿಯರೊಬ್ಬರು ನನಗೆ ಗೊತ್ತಿದ್ದರು, ಚಹಾ ಕುಡಿಸಿದರೆ ಓದಿ ಹೇಳುತ್ತಿದ್ದರು. ಅವರು ಹೋದ ಮೇಲೆ ಅಂಥ ಕಾಗದ ಬಂದರೆ ನನಗೆ ಎದೆ ಢವಢವ ಅನ್ನುತ್ತದೆ.

ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು? ಕೆಲವರು 13 ವರ್ಷ ನೋಡುತ್ತಾರೆ, ಕಬ್ಜಾದ ದಾವೆಗೆ 12 ವರ್ಷದ ಕಾಲಮಿತಿ ಇದೆಯಲ್ಲ, ಅದರ ಮೇಲೊಂದು. ಬ್ಯಾಂಕುಗಳು 30 ವರ್ಷ ಕೇಳುತ್ತವೆ. 30 ವರ್ಷ ಹಳೆಯ ದಸ್ತಾವೇಜಿಗೆ ಸಾಕ್ಷ್ಯ ಕಾಯ್ದೆಯಲ್ಲಿ ಒಂದು ಮರ್ಯಾದೆ ಇದೆ. ಸರ್ಕಾರ ಹಾಕುವ ದಾವೆಗೂ 30 ವರ್ಷದ ಕಾಲಮಿತಿ. ನನ್ನ ಅನುಭವದಲ್ಲಿ ನಮ್ಮ ಭಾಗಕ್ಕೆ ಅದೂ ಸಾಲದು. ಇವತ್ತಿನಿಂದ 30 ವರ್ಷ ಹಿಂದೆ ಅಂದರೆ 1990ರ ದಶಕದ ನಡುವಿಗೆ ಬಂದು ನಿಲ್ಲುತ್ತೀರಿ. ಗೇಣಿ ಹೋದದ್ದು 1974ರ ಮಾರ್ಚ್ 1ರಂದು. ಊರಿನ ಸೇವೆಗೆ ವಂಶಪರಂಪರೆಯಾಗಿ ಬಂದ ಕುಲಕರ್ಣಿ, ತಳವಾರ, ವಾಲೀಕಾರ ವತನಗಳು ರದ್ದಾದದ್ದು 1963ರಲ್ಲಿ, ಮರುಮಂಜೂರಿಗಳು ಆಮೇಲೆ ಬಹಳ ವರ್ಷ ನಡೆದವು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಲ್ಲಿ ಅದು ವಾಪಸು ಹೋಗುತ್ತದೆ, ಅದಕ್ಕೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಈ ಮೂರೂ ಬೇರುಗಳು 30 ವರ್ಷದ ಗೆರೆಯ ಆಚೆಗಿವೆ. ಆದ್ದರಿಂದ ಹೊಲ ಅಂದರೆ 1974ರ ಆಚೆಯವರೆಗೆ ಕೈ ಹಾಕಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಗಿರಾಕಿಗಳು ಬೈದುಕೊಳ್ಳುತ್ತಾರೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೂಲ ಖರೀದಿ ಪತ್ರವನ್ನು ಕಣ್ಣಿಂದ ನೋಡಬೇಕು, ಝೆರಾಕ್ಸ್ ಅಲ್ಲ. ಮೂಲಪತ್ರ ಬ್ಯಾಂಕಿನ ತಿಜೋರಿಯಲ್ಲಿದ್ದರೆ ಝೆರಾಕ್ಸ್ ಅದನ್ನು ಹೇಳುವುದಿಲ್ಲ. ಸರ್ವೆ ನಂಬರಿನ ತುಂಡು ಕೊಳ್ಳುವುದಾದರೆ ಆ ತುಂಡಿನ ಅಳತೆಯ 11ಇ ನಕ್ಷೆ ಬೇಕು. ಮಾರುವವರ ಹೆಸರಿನಲ್ಲಿ ಕೋರ್ಟಿನಲ್ಲಿ ದಾವೆ ಇದೆಯೇ ಎಂದು ನೋಡಬೇಕು, ದಾವೆ ನಡೆಯುವಾಗ ಕೊಂಡವನು ಅದರ ತೀರ್ಪಿಗೆ ತಲೆಬಾಗಬೇಕಾಗುತ್ತದೆ. ಮುಖತ್ಯಾರ ಪತ್ರದ ಮೇಲೆ ‘ಮಾರಾಟ’ ಆಗಿದ್ದರೆ ಅದು ಮಾರಾಟವೇ ಅಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಅಪ್ರಾಪ್ತ ಮಗನ ಹೆಸರಿನ ಆಸ್ತಿಯನ್ನು ಜಿಲ್ಲಾ ಕೋರ್ಟಿನ ಪರವಾನಗಿ ಇಲ್ಲದೆ ಮಾರಿದ್ದರೆ, ಆ ಹುಡುಗನಿಗೆ ಪ್ರಾಯ ಬಂದ ಮೇಲೆ ಮೂರು ವರ್ಷ ಕಾಲಾವಕಾಶವಿದೆ. ಕೊನೆಗೊಮ್ಮೆ ಹೊಲಕ್ಕೇ ಹೋಗಬೇಕು. ಯಾರು ಉಳುತ್ತಿದ್ದಾರೆ, ದಾರಿ ಯಾರ ಬದುವಿನ ಮೇಲಿದೆ ಎಂಬುದು ಕಾಗದದಲ್ಲಿ ಇರುವುದೇ ಇಲ್ಲ. ಪೇಪರಿನಲ್ಲಿ ಜಾಹೀರ ನೋಟೀಸನ್ನೂ ಕೊಡುತ್ತೇವೆ. ಕಬ್ಬು ಕಡಿಯಲು ಕೊಲ್ಲಾಪುರದ ಕಡೆ ಹೋದ ತಂಗಿ ಅದನ್ನು ಓದುತ್ತಾಳೆಂದು ನಾನಂತೂ ನಂಬಿಲ್ಲ.

ಸರ್, ಬೇರೆಯವರ ತಪ್ಪು ಹೇಳಿದ್ದಾಯಿತು. ನನ್ನದೂ ಒಂದಿದೆ, ಅದನ್ನು ಬಿಟ್ಟು ಈ ಪತ್ರ ಬರೆದರೆ ನ್ಯಾಯವಲ್ಲ.

2009ರಲ್ಲಿ ಪ್ರಾಥಮಿಕ ಶಾಲೆಯ ಒಬ್ಬ ಅಕ್ಕೋರು ಮನೆ ಕಟ್ಟಲು ಒಂದು ಪ್ಲಾಟು ನೋಡಿದ್ದರು. ಸಾಲಕ್ಕಾಗಿ ಸರ್ಚ್ ರಿಪೋರ್ಟ್ ಬೇಕಿತ್ತು. ಮಾರ್ಚ್ ತಿಂಗಳು, ಮೇಜಿನ ಮೇಲೆ ಇಪ್ಪತ್ತು ಕಡತ. ಋಣಭಾರ ಪತ್ರ ನೋಡಿದೆ, ಉತಾರ ನೋಡಿದೆ, ಹಿಂದಿನ ರಿಪೋರ್ಟಿನ ಮೇಲೆ ಹೆಸರು ಬದಲಿಸಿ “ಹಕ್ಕು ನಿರ್ವಿವಾದವಾಗಿದೆ” ಎಂದು ಟೈಪ್ ಮಾಡಿಸಿ ಸಹಿ ಹಾಕಿದೆ. ವಂಶಾವಳಿ ಕೇಳಲಿಲ್ಲ. ಕೇಳಿದ್ದರೆ 1998ರಲ್ಲಿ ತೀರಿಕೊಂಡ ಮೂಲ ಮಾಲೀಕನಿಗೆ ಮುಧೋಳದ ಕಡೆ ಕೊಟ್ಟ ಮಗಳೊಬ್ಬಳಿದ್ದಾಳೆ ಎಂದು ಒಂದೇ ಮಾತಿನಲ್ಲಿ ಗೊತ್ತಾಗುತ್ತಿತ್ತು. ಮೂರು ವರ್ಷಕ್ಕೆ ಆಕೆ ಪಾಲಿನ ದಾವೆ ಹಾಕಿದಳು. ಅಷ್ಟರಲ್ಲಿ ಅಕ್ಕೋರು ಸ್ಲ್ಯಾಬ್ ಹಾಕಿದ್ದರು. ಸಮನ್ಸ್ ಹಿಡಿದುಕೊಂಡು ನನ್ನ ಆಫೀಸಿಗೆ ಬಂದು, ಜೋರಾಗಿ ಒಂದು ಮಾತೂ ಆಡದೆ, “ಸರ್, ನೀವs ನೋಡಿದ್ರಲ್ರೀ?” ಎಂದರು. ಆ ದಾವೆಯಲ್ಲಿ ಫೀ ಇಲ್ಲದೆ ಅವರ ಪರ ನಿಂತೆ. ಏಳು ವರ್ಷದ ಮೇಲೆ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು, ಅಕ್ಕೋರು ಎರಡನೇ ಸಲ ರೊಕ್ಕ ಕೊಟ್ಟರು. ಅವರ ನಿವೃತ್ತಿಯ ಹಣ ಅದು.

ಆ ತಪ್ಪಿಗೆ ನನಗೇನಾಯಿತು? ಏನೂ ಆಗಲಿಲ್ಲ. ಬ್ಯಾಂಕಿಗೆ ತಪ್ಪು ಅಭಿಪ್ರಾಯ ಕೊಟ್ಟ ಮಾತ್ರಕ್ಕೆ ವಕೀಲ ಮೋಸದ ಪಾಲುದಾರನಾಗುವುದಿಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದು ಸರಿಯಾದ ಮಾತೇ. ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಹೇಳಿದೆ. ನಮ್ಮ ಬಾರ್ ರೂಮಿನಲ್ಲಿ ಅವತ್ತು ಸಮಾಧಾನದ ಉಸಿರು ಬಿಟ್ಟರು. ನನಗೆ ಅಕ್ಕೋರು ನೆನಪಾದರು. ಗ್ರಾಹಕ ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಬಾರ್ ಕೌನ್ಸಿಲ್ಲಿಗೆ ದೂರು ಅಥವಾ ಸಿವಿಲ್ ದಾವೆ. ಶಾಲೆಯ ಅಕ್ಕೋರೋ ಮುಳುಗಡೆಯ ರೈತನೋ ಆ ದಾರಿ ಹಿಡಿದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಸೂಕ್ಷ್ಮ ಇದರಲ್ಲೇ ಇದೆ. ಆ ರಿಪೋರ್ಟಿನ ಫೀ ಕೊಟ್ಟದ್ದು ಅಕ್ಕೋರು. ರಿಪೋರ್ಟ್ ಹೋದದ್ದು ಬ್ಯಾಂಕಿಗೆ, ಬರೆದದ್ದು ಬ್ಯಾಂಕ್ ಮ್ಯಾನೇಜರ್ ಹೆಸರಿಗೆ, ಅದೂ ಇಂಗ್ಲಿಷಿನಲ್ಲಿ. ಅಕ್ಕೋರಿಗೆ ಒಂದು ಪ್ರತಿ ಕೂಡ ಸಿಗಲಿಲ್ಲ. ಬ್ಯಾಂಕಿನ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲ ನೋಡುವುದು ಬ್ಯಾಂಕಿನ ಸಾಲ ಭದ್ರವೇ ಎಂದು. ಸಾಲಕ್ಕೆ ಸಂಬಳವೂ ಜಾಮೀನೂ ಬೇರೆ ಇರುತ್ತವೆ. ಕೊಳ್ಳುವವನಿಗೆ ಇರುವುದು ಆ ನೆಲ ಒಂದೇ. ಮುಳುಗಡೆಯವರ ವಿಷಯದಲ್ಲಿ ಇಷ್ಟೂ ಇಲ್ಲ. ರೊಕ್ಕ ಕೈಯಲ್ಲೇ ಇರುವುದರಿಂದ ಬ್ಯಾಂಕ್ ನಡುವೆ ಬರುವುದಿಲ್ಲ, ಬ್ಯಾಂಕ್ ಬರದಿದ್ದರೆ ವಕೀಲ ಬರುವುದಿಲ್ಲ. ಸಾಲ ಮಾಡುವ ಬಡವನಿಗೆ ಅರೆಬರೆ ಸರ್ಚ್ ಆದರೂ ಆಗುತ್ತದೆ, ನಗದು ಕೊಡುವ ಸಂತ್ರಸ್ತನಿಗೆ ಅದೂ ಇಲ್ಲ.

ನನ್ನ ಮಗಳು ಅಳಿಯ ಅಮೆರಿಕೆಯ ಜಾರ್ಜಿಯಾದಲ್ಲಿದ್ದಾರೆ. ಅಲ್ಲಿ ಮನೆ ಕೊಳ್ಳುವಾಗ ಅಳಿಯ ಫೋನಿನಲ್ಲಿ “ಮಾವಾರ, ಇಲ್ಲಿ ನಿಮ್ಮ ಮಂದಿದs ಕಾರಭಾರ” ಎಂದ. ಆ ರಾಜ್ಯದಲ್ಲಿ ಖರೀದಿಯ ಕೊನೆಯ ದಿನದ ಕಾರ್ಯಕ್ಕೆ ವಕೀಲನೇ ಬೇಕು. ಎಲ್ಲ ರಾಜ್ಯಗಳಲ್ಲಿ ಹಾಗಿಲ್ಲ, ಕ್ಯಾಲಿಫೋರ್ನಿಯಾದಂಥ ಕಡೆ ಕಂಪನಿಗಳೇ ಮಾಡುತ್ತವೆ. ಹಣ ಮೊದಲು ವಕೀಲನ ಟ್ರಸ್ಟ್ ಖಾತೆಗೆ ಬರುತ್ತದೆ. ಅವನು ಹಕ್ಕಿನ ಸರಪಳಿ ನೋಡಿ, ಮಾರುವವನ ಹಳೆಯ ಸಾಲ ಆ ಹಣದಲ್ಲೇ ತೀರಿಸಿ, ಸಹಿ ಹಾಕಿಸಿ, ಪತ್ರ ದಾಖಲಿಸಿ, ಉಳಿದದ್ದನ್ನು ಮಾರುವವನಿಗೆ ಕೊಡುತ್ತಾನೆ. ಮೇಲೆ ಹಕ್ಕಿನ ವಿಮೆ, ಅಂದರೆ ಹಕ್ಕು ಕೆಟ್ಟರೆ ನಷ್ಟ ತುಂಬುವ ವಿಮೆ, ಬೇರೆ. ಆ ವಿಮೆ ಹುಟ್ಟಿದ ಕಥೆ ನನ್ನ ಕಥೆಯ ಹಾಗೇ ಇದೆ. 1868ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ದಸ್ತು ಬರಹಗಾರ ವಕೀಲನ ಸಲಹೆ ನಂಬಿ ಹಕ್ಕು ಸರಿಯಿದೆ ಅಂದ, ಕೊಂಡವನಿಗೆ ನಷ್ಟವಾಯಿತು. ಬರಹಗಾರ ಹೊಣೆಯಲ್ಲ ಎಂದಿತು ಕೋರ್ಟು. ಹಾಗಾದರೆ ಹೊಣೆ ಯಾರು ಎಂದು ಕೇಳಿಕೊಂಡು 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಹಕ್ಕು ವಿಮೆ ಕಂಪನಿ ಶುರುವಾಯಿತು. ನಮ್ಮಲ್ಲಿ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 16ನೇ ಕಲಂನಲ್ಲಿ ಹಕ್ಕಿನ ವಿಮೆಯ ಮಾತಿದೆ, ಅದು ಬಿಲ್ಡರುಗಳ ಯೋಜನೆಗೆ. ಬೀಳಗಿಯ ಎರೆ ಹೊಲಕ್ಕೆ ರೇರಾ ಬರುವುದಿಲ್ಲ.

ಅಮೆರಿಕೆಯದ್ದೆಲ್ಲ ಇಲ್ಲಿ ಆಗಲಿ ಎಂದು ನಾನು ಕೇಳುತ್ತಿಲ್ಲ. ಅಲ್ಲಿ ಅಳಿಯ ಕೊಟ್ಟ ಬಿಲ್ಲು ಕೇಳಿ ನಾನೇ ಬೆಚ್ಚಿಬಿದ್ದೆ. ಆದರೆ ಹಣ ಕೈ ಬಿಡುವ ಮೊದಲು ಹಕ್ಕು ನೋಡುವುದು ಎಂಬ ಸರದಿ ಮಾತ್ರ ನಮಗೆ ಬೇಕು. ನಮ್ಮಲ್ಲಿ ಸರದಿ ತಿರುವುಮುರುವು. ಮೊದಲು ಸಂಚಕಾರ, ಆಮೇಲೆ ರಜಿಸ್ಟರ್, ಆಮೇಲೆ ಜಗಳ, ಕಟ್ಟಕಡೆಗೆ ವಕೀಲ. ಸಾಮಾನ್ಯ ಖರೀದಿಗೆ ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಅಂದರೆ 40 ಲಕ್ಷಕ್ಕೆ ಸರ್ಕಾರಕ್ಕೇ 2 ಲಕ್ಷ 80 ಸಾವಿರ, ಸೆಸ್ಸು ಬಿಟ್ಟು. ಇಷ್ಟು ಕೊಟ್ಟವನಿಗೆ ಸರ್ಕಾರ ಹಕ್ಕಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ.

ಈಗ ತಾವು ಏನು ಮಾಡಬಹುದು ಎಂಬುದು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನ್ಯಾಯಾಂಗದ ಕೈಯಲ್ಲಿದೆ, ತಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಅವರ ಜೊತೆ ಕೂತು ಮಾತಾಡಬಹುದು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂನಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಇದೆ. ಪರಿಹಾರದ ಪಟ್ಟಿಯಲ್ಲಿ ಅವರೇ ಎಷ್ಟೋ ಜನರಿರುತ್ತಾರೆ. ಉಳಿದವರ ಫೀ ಪುನರ್ವಸತಿಯ ಖಾತೆಯಿಂದ ಬರಲಿ. ಹೆಚ್ಚಲ್ಲ, ಒಂದು ಎಕರೆಯ ಪರಿಹಾರದಲ್ಲಿ ಕಾಣದಷ್ಟು. ಫೀಯನ್ನು ವಕೀಲರ ಸಂಘದ ಜೊತೆ ಗೊತ್ತು ಮಾಡಿ ಬೋರ್ಡಿನ ಮೇಲೆ ಬರೆಸಿ, ಆಗ ನಮ್ಮವರೂ ಮನಬಂದಂತೆ ಕೇಳುವುದಿಲ್ಲ.

ವರದಿಯ ನಮೂನೆಯನ್ನು ತಾವೇ ಮಾಡಿಸಿ. ಅದರಲ್ಲಿ ಎರಡು ಭಾಗ ಕಡ್ಡಾಯವಾಗಿರಲಿ: ವಕೀಲ ಯಾವ ಯಾವ ಮೂಲ ಕಾಗದ ನೋಡಿದ, ಯಾವುದನ್ನು ನೋಡಲಿಲ್ಲ. ಎರಡನೆಯದೇ ಮುಖ್ಯ. ಅಕ್ಕೋರ ರಿಪೋರ್ಟಿನಲ್ಲಿ “ವಂಶಾವಳಿ ನೋಡಿಲ್ಲ” ಎಂದು ನಾನೇ ಬರೆಯಬೇಕಾಗಿ ಬಂದಿದ್ದರೆ, ಬರೆಯಲು ನಾಚಿಕೆಯಾಗಿ ವಂಶಾವಳಿ ತರಿಸಿಯೇ ತರಿಸುತ್ತಿದ್ದೆ. ಕನ್ನಡದಲ್ಲಿರಲಿ, ಓದಿ ಹೇಳಿ ಸಹಿ ತೆಗೆದುಕೊಳ್ಳಲಿ. ಮಾರುವವನ ಪರ ಇರುವ ವಕೀಲನೇ ಕೊಳ್ಳುವವನಿಗೂ ವರದಿ ಕೊಡುವ ಪದ್ಧತಿ ನಮ್ಮಲ್ಲಿದೆ, ಅದು ಬೇಡ.

ದಾಖಲೆಗಳ ಕಡೆಯಿಂದ ಎರಡು ಮಾತು. ತಾಲೂಕು ಕಚೇರಿಗಳಲ್ಲಿ ಭೂ ನ್ಯಾಯಮಂಡಳಿಯ ಕಡತಗಳು, ಫಾರ್ಮ್ 7ರ ರಿಜಿಸ್ಟರುಗಳು ಗಂಟು ಕಟ್ಟಿಕೊಂಡು ಬಿದ್ದಿವೆ. ಸರ್ವೆ ನಂಬರ್ ಹೇಳಿದರೆ ಸಿಗುವ ಹಾಗೆ ಒಂದು ಪಟ್ಟಿ ಮಾಡಿಸಿದರೆ ಸಾಕು, ನಮ್ಮ ಕಾಕಾನಂಥವರು ಉಳಿಯುತ್ತಾರೆ. ಬಾಗಲಕೋಟೆ 1997ರವರೆಗೆ ವಿಜಯಪುರ ಜಿಲ್ಲೆಯಲ್ಲಿತ್ತು, ಹಳೆಯ ಕಡತ ಕೆಲವು ಇನ್ನೂ ಅಲ್ಲೇ ಇವೆ ಎಂದು ನಮ್ಮನ್ನು ಅಡ್ಡಾಡಿಸುತ್ತಾರೆ. ಅಲ್ಲಿನ ಜಿಲ್ಲಾಧಿಕಾರಿಗಳ ಜೊತೆ ತಾವು ಒಂದು ಪತ್ರ ವ್ಯವಹಾರ ಮಾಡಿದರೆ ನಾವು ನೂರು ಸಲ ಬಸ್ ಹತ್ತುವುದು ತಪ್ಪುತ್ತದೆ. ಮೋಡಿ ಓದಬಲ್ಲವರು ಯಾರಾದರೂ ಬೆಳಗಾವಿ ಕಡೆ ಸಿಕ್ಕರೆ ವಾರಕ್ಕೊಂದು ದಿನ ಕರೆಸಿ, ಚಹಾ ನಾನು ಕುಡಿಸುತ್ತೇನೆ.

ನನ್ನ ವಕೀಲ ಬಾಂಧವರು ಈ ಪತ್ರ ಓದಿ ಸಿಟ್ಟಾಗಬಹುದು. ಬಾರ್ ರೂಮಿನಲ್ಲಿ ಸಿಗೋಣ, ಅಲ್ಲಿ ಜಗಳಾಡೋಣ. ಬಾಂಡ್ ರೈಟರುಗಳ ಹೊಟ್ಟೆಯ ಮೇಲೆ ಹೊಡೆಯುವುದೂ ನನ್ನ ಉದ್ದೇಶವಲ್ಲ. ಪತ್ರ ಅವರೇ ಬರೆಯಲಿ, ಚತುಃಸೀಮೆಯನ್ನು ನನಗಿಂತ ಚೆನ್ನಾಗಿ ಬರೆಯುತ್ತಾರೆ.

ನನ್ನ ಕಡೆಯಿಂದ ಇಷ್ಟು: ಪುನರ್ವಸತಿ ಕಚೇರಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಒಳ್ಳೆಯ ಟ್ಯೂಬ್‌ಲೈಟ್ ಹಾಕಿಸಿಕೊಟ್ಟರೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಮೂರರಿಂದ ಬಂದು ಕೂರುತ್ತೇನೆ. ಮೊದಲ ಐವತ್ತು ವರದಿಗಳಿಗೆ ಫೀ ಬೇಡ. ಕೊಳ್ಳುವವರು ಬರುವಾಗ ಉತಾರ ತರದಿದ್ದರೂ ನಡೆದೀತು, ಮಾರುವವರ ಅಕ್ಕತಂಗಿಯರ ಹೆಸರು ಕೇಳಿಕೊಂಡು ಬರಲು ಹೇಳಿ.

ತಮ್ಮ ವಿಶ್ವಾಸಿ,
ಮುಳುಗಡೆ ಊರಿನ ಒಬ್ಬ ವಕೀಲ
ನವನಗರ, ಬಾಗಲಕೋಟೆ